ಅಮಾವಾಸ್ಯೆಯ ದಿನ ತೆರೆಯದ ಫೈಲು

ಅಮಾವಾಸ್ಯೆ, ದೆವ್ವ, ದೃಷ್ಟಿ ಎಂದವರ ಮುಖದ ಮೇಲೇ ನಕ್ಕವಳು ನಾನು. ಈಗಲೂ ನಂಬುತ್ತೇನೆಂದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ತಿಳಿಸಿ ಪುಣ್ಯ ಕಟ್ಟಿಕೊಳ್ಳಿ.

ಗೋಕಾಕದ ಮನೆಯಲ್ಲೇ ಕೂತು ನಾನು ಕಂಪ್ಯೂಟರಿನ ಕರ್ನಲ್ ತಿದ್ದುತ್ತೇನೆ. ಯಾರು ಯಾವ ಫೈಲು ತೆರೆಯಬಹುದು ಎಂದು ತೀರ್ಮಾನಿಸುವ ಒಳಗಿನ ಯಜಮಾನ ಅದು. ಮೂಡಲಗಿಯ ಒಂದು ಆಸ್ಪತ್ರೆಯ ಯಂತ್ರದಲ್ಲಿ ಆ ಯಜಮಾನನೇ ಎಡವಿದ್ದ. ಡಾಕ್ಟರರಿಗೆ ಮಾತ್ರ ಕಾಣಬೇಕಾದ ಗುಪ್ತ ಫೈಲುಗಳನ್ನು ಹುಕ್ಕೇರಿ ಶಾಖೆಯ ಗುಮಾಸ್ತನೂ ತೆರೆಯಬಹುದಿತ್ತು. ಅದರಲ್ಲೊಂದು, ಗಂಡ ಹೊಡೆದ ಗಾಯ ತೋರಿಸಲು ಕದ್ದು ಬಂದಿದ್ದ ಹುಡುಗಿಯದು. ಅವಳು ಅಡಗಿರುವ ಮನೆಯ ವಿಳಾಸವೂ ಅದರಲ್ಲಿದೆ ಎಂದು ಡಾಕ್ಟರು ಕಳವಳದಿಂದ ಹೇಳಿದರು. ಹುಕ್ಕೇರಿಯ ಆ ಗುಮಾಸ್ತ ಅವಳ ಮೈದುನ.

ಎರಡು ದಿನ ತಲೆ ಕೆಡಿಸಿಕೊಂಡು ತಿದ್ದುಪಡಿ ಮುಗಿಸಿದೆ. ಬೆಳಿಗ್ಗೆಯೇ ಆಸ್ಪತ್ರೆಯ ಮ್ಯಾನೇಜರ್ ಕಾಕಾಗೆ ಫೋನ್ ಮಾಡಿದೆ.

“ಇವತ್ತ ಅಮಾಸಿ ಐತ್ರಿ ಮೇಡಂ. ಈಗಷ್ಟ ಮಷಿನಿಗೆ ಕಾಯಿ ಒಡದೇವಿ. ಎತ್ತು ಸುದ್ದಾ ಹೂಡಂಗಿಲ್ಲ, ನೀವು ಇದನ್ಯಾಕ ಹೂಡಾಕ ಹೊಂಟೀರಿ? ನಾಳೆ ಮಾಡೂಣ್ರಿ.”

“ಕಾಕಾ, ಅಕಿ ಜೀವದ ಪ್ರಶ್ನೆ ಐತ್ರಿ!”

“ಒಂದ ದಿನದಾಗ ಏನ ಮುಳಗತೈತ್ರಿ?”

ಫೋನ್ ಇಟ್ಟೇಬಿಟ್ಟರು. ಅವರು ಹೂಂ ಅನ್ನದೆ ನಾನು ಕೈಹಚ್ಚುವಂತಿರಲಿಲ್ಲ. ಹಣೆ ಬಡಿದುಕೊಂಡೆ. ಆ ದಿನ ನನಗೆ ಊಟ ಸೇರಲಿಲ್ಲ.

ಮರುದಿನ ತಿದ್ದುಪಡಿ ಹಾಕಿ, ಹಿಂದಿನ ದಿನ ಯಾರು ಏನು ತೆರೆದರೆಂಬ ದಾಖಲೆ ನೋಡಿದೆ. ಮಧ್ಯಾಹ್ನ ಮೈದುನ ಅವಳ ಫೈಲಿಗೆ ಹನ್ನೊಂದು ಸಲ ಕೈಹಾಕಿದ್ದ. ಹನ್ನೊಂದು ಸಲವೂ ‘ಅನುಮತಿ ಇಲ್ಲ’ ಎಂದು ಯಂತ್ರ ತಳ್ಳಿತ್ತು. ನಡುವೆ ಬೇರೆ ಎರಡು ಗುಪ್ತ ಫೈಲು ಒತ್ತಿದ್ದ, ಅವು ಸಲೀಸಾಗಿ ತೆರೆದಿದ್ದವು. ತಿದ್ದುಪಡಿ ಇನ್ನೂ ನನ್ನ ಮನೆಯಲ್ಲೇ ಇತ್ತಲ್ಲ!

ಹಳೆಯ ಕರ್ನಲ್ಲನ್ನು ನನ್ನ ಯಂತ್ರಕ್ಕೆ ಹಾಕಿ, ಅಂಥದೇ ಫೈಲಿಟ್ಟು ವಾರಗಟ್ಟಲೆ ಪರೀಕ್ಷಿಸಿದೆ. ಪ್ರತಿ ಸಲವೂ ತೆರೆಯಿತು.

“ಕಾಯಿ ಒಡದದ್ದು ಸುಳ್ಳ ಆಗತೈತೇನ್ರಿ?” ಎಂದು ಕಾಕಾ ನಕ್ಕರು. ಮೈಯೆಲ್ಲ ಉರಿಯಿತು. ಕಾಯಿ ಒಡೆದದ್ದು ಇಡೀ ಮಷಿನಿಗೆ, ಒಂದು ಫೈಲಿಗಲ್ಲವಲ್ಲ!

ಡಾಕ್ಟರು ಆ ಹುಡುಗಿಗೆ, ‘ನಿನ್ನ ಉಳಿಸಿದ್ದು ಗೋಕಾಕದ ಮೇಡಂ’ ಎಂದು ಹೇಳಿದ್ದರಂತೆ. ಅವಳು ಒಂದು ದಿನ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು ನನ್ನ ಕಾಲಿಗೆ ಬಿದ್ದಳು.

“ನಾ ಏನೂ ಮಾಡಿಲ್ಲವಾ,” ಎಂದೆ.

ನನ್ನದು ದೊಡ್ಡ ಮನಸ್ಸು ಅಂದುಕೊಂಡು ಅತ್ತಳು, ಪಾಪ. ನಾನು ಖರೆಯನ್ನೇ ಹೇಳಿದ್ದೆ.