ರಾಹುಕಾಲಕ್ಕೂ ಸಮ್ಮರ್ ಟೈಮ್ ಉಂಟೆ?

ತೆಂಗಿನಕಾಯಿ ಉರುಳಿತು.

ರಾಘುವಿನ ಸೈಕಲ್ ಕ್ಯಾರಿಯರಿನಿಂದ ಜಾರಿ, ಜರ್ಮನಿಯ ಗುಡ್ಡದಲ್ಲಿ ನಾವು ಏದುಸಿರು ಬಿಡುತ್ತ ಹತ್ತಿದ್ದ ಏರನ್ನೆಲ್ಲ ಕ್ಷಣದಲ್ಲಿ ಇಳಿದುಹೋಯಿತು. ಮಂಜು ಅದರ ಹಿಂದೆ ಓಡಿದ.

ನಾವು ಹೊರಟಿದ್ದು ಹೆಣ್ಣು ನೋಡಲು... ಸೈಕಲ್ ಮೇಲೆ.

ತೊಂಬತ್ತರ ದಶಕದ ಕೊನೆ. ನೆದರ್‌ಲ್ಯಾಂಡ್ಸಿನ ಎನ್ಸ್‌ಕೆಡೆಯಲ್ಲಿ ನಾವು ಮೂವರೂ ರಿಸರ್ಚ್ ಮಾಡುತ್ತಿದ್ದೆವು: ಮೈಸೂರಿನ ರಾಘು, ಗದಗಿನ ಮಂಜು, ಮತ್ತು ನಾನು.

ರಾಘುವಿಗೆ ಅಲ್ಲಿಯವರೆಗೆ ಬಂದ ಸಂಬಂಧಗಳೆಲ್ಲ ಮುರಿದುಬಿದ್ದಿದ್ದವು. ಇದೂ ಕೂಡಿಬರದಿದ್ದರೆ ಸೋದರಮಾವನ ಮಗಳೇ ಗತಿ ಎಂದು ಅವನ ಅಮ್ಮ ಫೋನಿನಲ್ಲಿ ತೀರ್ಪು ಕೊಟ್ಟಿದ್ದರು. ಆ ಹುಡುಗಿಯನ್ನು ಇವನು ಚಿಕ್ಕಂದಿನಲ್ಲಿ ಉಯ್ಯಾಲೆಯಿಂದ ಬೀಳಿಸಿದ್ದನಂತೆ. ಆಕೆ ಇನ್ನೂ ಮರೆತಿರಲಿಲ್ಲ.

ಈಗಿನ ಹುಡುಗಿ ಸುಮೇಧಾ. ಗಡಿಯಾಚೆ ಟೆಕ್ಲೆನ್‌ಬುರ್ಗ್ ಎಂಬ ಹಳೆಯ ಊರಿನಲ್ಲಿ ಅಪ್ಪ ಅಮ್ಮನ ಜೊತೆ ಇದ್ದಳು. ಫೋಟೋ ನೋಡಿದಂದಿನಿಂದ ರಾಘು ಎರಡು ಸಲ ಅನ್ನ ತಳ ಹತ್ತಿಸಿದ್ದ.

ಹೇಗೆ ಬರುತ್ತೀರಿ ಎಂದು ಹುಡುಗಿಯ ಅಪ್ಪ ಕೇಳಿದ್ದಕ್ಕೆ, "ನಮ್ಮಲ್ಲಿ ಎಲ್ಲಿಗಾದ್ರೂ ಸೈಕಲ್ಲೇ ಅಂಕಲ್" ಎಂದು ರಾಘು ಜಂಭ ಕೊಚ್ಚಿಕೊಂಡ. "ಹಾಗಾದ್ರೆ ಸೈಕಲ್ಲಲ್ಲೇ ಬನ್ನಿ" ಎಂದುಬಿಟ್ಟರು ಅವರು.

ಗಡಿಯಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ. ತಡೆದದ್ದು ಗುಡ್ಡ.

ನಮ್ಮ ಡಚ್ ಸೈಕಲ್ಲುಗಳಿಗೆ ಏರು ಎಂದರೆ ಕಾಲುವೆಯ ಸೇತುವೆ, ಅಷ್ಟೇ. ಗೇರ್ ಇರಲಿಲ್ಲ. ನಮ್ಮ ಬಳಿ ಇದ್ದದ್ದು ಹುಡುಗಿ ಮನೆಗೆಂದು ಕಟ್ಟಿಕೊಂಡ ಗೇರುಬೀಜ ಮಾತ್ರ.

ಅಂತೂ ಟೆಕ್ಲೆನ್‌ಬುರ್ಗಿನ ಬುಡ ಮುಟ್ಟಿದಾಗ ನಾಲ್ಕೂವರೆಯ ಹತ್ತಿರ. ಮೇಲೆ ಪಾಳು ಕೋಟೆ, ಅದರ ಕೆಳಗೆ ಮರದ ಚೌಕಟ್ಟಿನ ಹಳೆಯ ಮನೆಗಳು, ನಡುವೆ ಕಲ್ಲು ಹಾಸಿದ ಕಡಿದಾದ ಬೀದಿ.

ಆಗ ರಾಘು ಗಕ್ಕನೆ ನಿಂತ. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ, ಆ ಹೊತ್ತಿನಲ್ಲಿ ಅವರ ಹೊಸ್ತಿಲು ದಾಟಬೇಡ ಎಂದು ಅಮ್ಮ ಹೇಳಿದ್ದರು.

ಆರರವರೆಗೆ ಕಾಯೋಣ ಎಂದು ಮರದ ಕೆಳಗೆ ಕುಳಿತೆವು. ಮಂಜುವಿನ ತಲೆಗೆ ಹುಳ ಹೊಕ್ಕಿತು.

"ಲೇ, ಇಲ್ಲಿ ಬ್ಯಾಸಿಗ್ಯಾಗ ಗಡಿಯಾರ ಒಂದ್ ತಾಸು ಮುಂದ ಇಡ್ತಾರ. ರಾಹುಗ ಅದು ಗೊತ್ತೈತೋ ಇಲ್ಲೋ?"

ಮೂವರು ಸಂಶೋಧಕರು ಕಡ್ಡಿಯಿಂದ ಮಣ್ಣಿನ ಮೇಲೆ ಸೂರ್ಯನನ್ನು ಬರೆದು ಚರ್ಚಿಸಿದೆವು. ಯಾವುದಕ್ಕೂ ಇರಲಿ ಎಂದು ಏಳರವರೆಗೆ ಕಾಯುವುದೆಂದು ತೀರ್ಮಾನವಾಯಿತು.

ಈ ನಡುವೆ ಮುದುಕ ದಂಪತಿಗಳು ಬಂದು ಬಾಳೆಹಣ್ಣಿನ ರೇಟು ಕೇಳಿದರು. ಹಣ್ಣು, ಹೂವು, ಕಾಯಿ ಸಾಲಾಗಿ ಜೋಡಿಸಿಕೊಂಡು ಕುಳಿತವರನ್ನು ಇನ್ನೇನೆಂದುಕೊಂಡಾರು?

ಏಳಾಗುತ್ತಲೇ ಮೇಲಿನಿಂದ ಒಂದು ಸೈಕಲ್ ಬಂತು. ಸುಮೇಧಾ.

"ಅಮ್ಮ ಮೂರನೇ ಸಲ ಎಣ್ಣೆ ಕಾಯಿಸ್ತಿದ್ದಾರೆ. ನೀವು ಇಲ್ಲಿ ಅಂಗಡಿ ಇಟ್ಟಿದ್ದೀರಾ?"

ರಾಘುವಿಗೂ ರಾಹುವಿಗೂ ಅಂತರ ಒಂದೇ ಅಕ್ಷರ. ಆ ಕ್ಷಣ ಅವನ ಮುಖದಲ್ಲಿ ಅದೂ ಉಳಿದಿರಲಿಲ್ಲ.

ಹುಡುಗಿಯ ಎದುರು ಇಳಿದು ತಳ್ಳುವುದೇ? ರಾಘು ಹತ್ತಿ ತುಳಿದ. ಅರ್ಧ ಬೀದಿಗೆ ಸೈಕಲ್ ವಾಲತೊಡಗಿತು. ಪಕ್ಕದಲ್ಲೇ ಗೇರ್ ಬದಲಿಸುತ್ತ ಬರುತ್ತಿದ್ದ ಸುಮೇಧಾ, ಅವನ ಬೆನ್ನಿಗೆ ಅಂಗೈ ಕೊಟ್ಟು ಮೇಲಕ್ಕೆ ನೂಕತೊಡಗಿದಳು.

ಅವನ ಮುಖ ಕೆಂಪಾದದ್ದು ಏರಿಗೋ ಅಂಗೈಗೋ, ಹಿಂದೆ ತಳ್ಳಿಕೊಂಡು ಬರುತ್ತಿದ್ದ ನಮಗೆ ತಿಳಿಯಲಿಲ್ಲ. ಮಂಜುವಿನ ಚೈನು ಬೇರೆ ಕಳಚಿ, ಅದನ್ನು ಸರಿಮಾಡಲು ಎಲ್ಲರೂ ನಿಂತು, ಮನೆ ತಲುಪುವಾಗ ಎಂಟರ ಹತ್ತಿರ.

ಬಾಗಿಲಲ್ಲಿ ಹುಡುಗಿಯ ಅಪ್ಪ. ಒಂದು ಕೈಯಲ್ಲಿ ಪಂಚಾಂಗ, ಇನ್ನೊಂದರಲ್ಲಿ ಕ್ಯಾಲ್ಕ್ಯುಲೇಟರ್.

"ಅಲ್ಲೇ ನಿಲ್ಲಿ. ರಾಹುಕಾಲ ಈಗ ತಾನೇ ಶುರುವಾಯ್ತು."

ರಾಹುಕಾಲವನ್ನು ಎಣಿಸುವುದು ಆಯಾ ಊರಿನ ಸೂರ್ಯೋದಯ, ಸೂರ್ಯಾಸ್ತಕ್ಕೆ. ಭಾನುವಾರ ಅದು ಹಗಲಿನ ಕೊನೆಯ ಪಾಲು. ಇಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ಹತ್ತಕ್ಕೆ.

"ನಾಲ್ಕೂವರೆಗೆ ಬಂದಿದ್ರೆ ಪ್ರಶಸ್ತವಾಗಿತ್ತಲ್ಲಪ್ಪಾ" ಎಂದರು, ಬಹಳ ನೋವಿನಿಂದ.

ಬಜ್ಜಿ ಕಿಟಕಿಯಿಂದ ಬಂತು. ಹುಡುಗಿಯ ಅಮ್ಮ ಅದೇ ಕಿಟಕಿಯಿಂದ ಗೋತ್ರ ಕೇಳಿದರು, ರಾಘು ಬೀದಿಯಲ್ಲಿ ನಿಂತು ಕೂಗಿ ಹೇಳಿದ. ಎದುರು ಮನೆಯ ಜರ್ಮನ್ ಅಜ್ಜಿಗೂ ಈಗ ಅವನ ಗೋತ್ರ ಗೊತ್ತು.

ಹತ್ತರವರೆಗೆ ನಿಂತರೆ, ಸೈಕಲ್ ಸಮೇತ ವಾಪಸು ಹೋಗಲು ಹಿಡಿಯಬೇಕಿದ್ದ ಕೊನೆಯ ರೈಲು ತಪ್ಪುತ್ತಿತ್ತು. ಹೊಸ್ತಿಲನ್ನೇ ದಾಟದ ಮೇಲೆ ಹೆಣ್ಣು ನೋಡಿದಂತಾಯಿತೇ? ಅಮ್ಮನಿಗೆ ಏನು ಹೇಳುವುದು? ರಾಘು ಸೈಕಲ್ ಹ್ಯಾಂಡಲ್ ನೋಡುತ್ತ ನಿಂತ. ಉಯ್ಯಾಲೆ ಕಣ್ಣ ಮುಂದೆ ತೂಗುತ್ತಿತ್ತೇನೋ.

"ನೀವು ಒಳಗೆ ಬರದಿದ್ರೆ ಏನೀಗ?" ಎಂದಳು ಸುಮೇಧಾ. "ಮುಂದಿನ ಭಾನುವಾರ ನಾನೇ ಬರ್ತೀನಿ. ನಿಮ್ಮನ್ನ ನೋಡೋಕೆ."

ಬಂದಳು, ಬೆಳಗಿನ ರೈಲಿಗೆ, ಅಪ್ಪನ ಜೊತೆ.

ನಾವು ಮನೆ ಒರೆಸಿ, ಉಪ್ಪಿಟ್ಟು, ಕೇಸರಿಬಾತ್ ಮಾಡಿದ್ದೆವು. ರಾಘು ತಲೆ ತಗ್ಗಿಸಿಕೊಂಡು ಕಾಫಿ ತಟ್ಟೆ ಹಿಡಿದು ಬರುತ್ತಾನೆ. ಲೋಟಗಳು ಗಲಗಲ ಎನ್ನುತ್ತಿವೆ. ನಾನೂ ಮಂಜುವೂ ಅಡುಗೆಮನೆ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೇವೆ.

"ಉಪ್ಪಿಟ್ಟು ನೀವೇ ಮಾಡಿದ್ದಾ?"

ರಾಘು ಹೂಂಗುಟ್ಟುತ್ತಾನೆ. ಮಾಡಿದ್ದು ನಾನು.

"ಹಾಡೋಕೆ ಬರುತ್ತಾ?"

ಮಂಜು ನನ್ನ ತೋಳು ಜಿಗುಟಿ, "ಬ್ಯಾಡಂತ ಹೇಳಲೇ ಅವಂಗ" ಎಂದು ಪಿಸುಗುಟ್ಟುತ್ತಾನೆ. ದೇವರು ದೊಡ್ಡವನು, ರಾಘು ಹಾಡುವ ಬದಲು ಕೇಸರಿಬಾತ್ ಬಡಿಸುತ್ತಾನೆ.

ಕಾಫಿ ಮುಗಿಸಿ ಆಕೆ ಎದ್ದಳು. "ಊರಿಗೆ ಹೋಗಿ ತಿಳಿಸ್ತೀವಿ."

ಮೂರು ದಿನ ರಾಘು ಫೋನಿನ ಪಕ್ಕದಿಂದ ಕದಲಲಿಲ್ಲ. ಕೊನೆಗೆ ಆಕೆಯ ಅಪ್ಪನ ಕರೆ ಬಂತು: ಹುಡುಗ ಸ್ವಲ್ಪ ನಾಚಿಕೆ ಸ್ವಭಾವ, ಆದರೂ ಪರವಾಗಿಲ್ಲ, ನಮ್ಮ ಹುಡುಗಿ ಒಪ್ಪಿದ್ದಾಳೆ.

ಗಂಡಿನ ಕಡೆಯವರಾಗಿ ಹೀಗೆ ಬಾಗಿಲ ಸಂದಿಯಲ್ಲಿ ನಿಂತು ಕಾದವರು ನಿಮ್ಮಲ್ಲಿ ಇನ್ಯಾರಾದರೂ ಇದ್ದೀರಾ, ಅಥವಾ ನಾವಿಬ್ಬರೇನಾ?