ಹದಿನೆಂಟು ಮೊಳದ ಸೀರೆ

ನಿಪ್ಪಾಣಿಯಲ್ಲಿ ಭೂಪಾಲಣ್ಣನ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಮೂವತ್ತು ವರ್ಷದಿಂದ ಹೊಲಿಗೆ ಮಷಿನ್ ಇಟ್ಟುಕೊಂಡು ಕೂತವನು ನಾನು. ಆದ್ದರಿಂದ ಹೇಳುವ ಹಕ್ಕು ನನಗಿದೆ: ನಮ್ಮ ಜನಕ್ಕೆ ನಾಚಿಕೆ ಇಲ್ಲ.

ಮದುವೆಯ ಬಟ್ಟೆ ಕೊಳ್ಳುವುದಕ್ಕೆ ನಮ್ಮಲ್ಲಿ ಬಸ್ತಾ ಎನ್ನುತ್ತಾರೆ. ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಬಂದು ಅಂಗಡಿಯ ಗಾದಿಯ ಮೇಲೆ ದಿನವಿಡೀ ಕೂರುತ್ತಾರೆ. ಯಾವ ಅತ್ತೆ ಯಾವ ಬಣ್ಣಕ್ಕೆ ಮುಖ ತಿರುಗಿಸುತ್ತಾಳೆ, ಯಾವ ಮಾವನಿಗೆ ಧೋತರವೇ ಆಗಬೇಕು, ಎಲ್ಲವೂ ಭೂಪಾಲಣ್ಣನ ಬಾಯಲ್ಲಿ. ಬೇಡಕಿಹಾಳದ ಗೌರಾಬಾಯಿಯ ಮನೆಯ ಬಸ್ತಾ ಮೂರು ತಲೆಮಾರಿನಿಂದ ಇಲ್ಲೇ. ಊರೂರಿಗೆ ಅಂಗಡಿ ತೆರೆಯುವ ಕಂಪನಿಯ ಬಟ್ಟೆ ಮಾಲ್ ಇಲ್ಲಿಗೂ ಬಂದ ಮೇಲೆ ಬೇರೆ ಮನೆಗಳು ಒಂದೊಂದಾಗಿ ಜಾರಿದವು. "ಗೌರಕ್ಕ ನಮ್ಮನ್ನ ಬಿಡಂಗಿಲ್ಲ," ಎಂದು ಭೂಪಾಲಣ್ಣ ಆ ಮನೆಯೊಂದನ್ನೇ ನೆಚ್ಚಿಕೊಂಡಿದ್ದರು.

ಮನೆಯಲ್ಲಿ ಮದುವೆ ಗೊತ್ತಾಗಿ ಗೌರಕ್ಕ ಮಗಳು ಸೌಂದರ್ಯಾಳನ್ನು ಕರೆದುಕೊಂಡು ಬಂದಳು. ಎರಡು ಸಲ ಚಹಾ ಆಯಿತು. ಮಧ್ಯಾಹ್ನದವರೆಗೂ ಭೂಪಾಲಣ್ಣ ಸೀರೆ ಬಿಡಿಸಿದರು, ಯಾರಿಗೆ ಯಾವುದು ಒಪ್ಪುತ್ತದೆಂದು ಹೇಳಿದರು. ಮಗಳು ಅದನ್ನೆಲ್ಲ ಬರೆದುಕೊಂಡು, ಪ್ರತಿ ಸೀರೆಯ ಫೋಟೋ ಹೊಡೆದುಕೊಂಡಳು.

"ಮನ್ಯಾಗ ತೋರಿಸಿ ನಾಳೆ ಬರ್ತೀವ್ರಿ," ಎಂದಳು ಗೌರಕ್ಕ.

ಮರುದಿನ ಮಾಲಿನ ಕೆಂಪು ಚೀಲ ತುಂಬಿಕೊಂಡ ಅವರ ಟೆಂಪೋ ನಮ್ಮ ಮುಂದೆಯೇ ಹಾದುಹೋಯಿತು. ಉಂಡೂ ಹೋದರು, ಕೊಂಡೂ ಹೋದರು. ಅವರಿಗೆಂದು ಕಟ್ಟಿಟ್ಟ ಗಂಟನ್ನು ಭೂಪಾಲಣ್ಣ ಸಂಜೆ ಬಿಚ್ಚಿ ಮತ್ತೆ ಕಪಾಟಿಗೆ ಸೇರಿಸಿದರು.

ಮೂರನೆಯ ದಿನ ಗೌರಕ್ಕ ಒಬ್ಬಳೇ ಬಂದಳು.

"ಭೂಪಾಲಣ್ಣಾ, ಬೀಗರ ಅಜ್ಜಿ ಕಚ್ಚಿ ಹಾಕಿ ಉಡತಾಳ್ರಿ. ಹದಿನೆಂಟ ಮೊಳದ ಸೀರಿ ಮಾಲಿನಾಗ ಇಡಂಗಿಲ್ಲಂತ."

"ಇಲ್ಲೂ ಇಲ್ಲ ಅಂತ ಹೇಳ್ರಿ," ಎಂದೆ ಭೂಪಾಲಣ್ಣನಿಗೆ, ಗೌರಕ್ಕನಿಗೆ ಕೇಳುವಂತೆಯೇ.

"ನೀ ಸುಮ್ಮನ ಹೊಲಿ. ಉಡೂ ಮುದುಕಿ ಏನ್ ತಪ್ಪ ಮಾಡ್ಯಾಳ?" ಎಂದು ಅವರು ಮೇಲಿನ ಕಪಾಟಿನಿಂದ ಇಳಕಲ್ ಸೀರೆಯೊಂದನ್ನು ಇಳಿಸಿದರು. ದಡಿ, ಸೆರಗು ಎರಡನ್ನೂ ಬೆಳಕಿಗೆ ಹಿಡಿದು ನೋಡಿ ಮಡಚಿದರು.

ಭೂಪಾಲಣ್ಣ ಅದನ್ನು ತಂದೆಯ ಹೆಸರು ಅಚ್ಚಾಗಿದ್ದ ತಮ್ಮ ಅಂಗಡಿಯ ಹಳದಿ ಚೀಲಕ್ಕೆ ಹಾಕಲು ಹೋದಾಗ ಗೌರಕ್ಕ ಕೈ ಅಡ್ಡ ಹಿಡಿದಳು. ಕಂಕುಳಲ್ಲಿ ಮಡಚಿಟ್ಟುಕೊಂಡಿದ್ದ ಮಾಲಿನ ಕೆಂಪು ಚೀಲ ತೆಗೆದು ಕೊಟ್ಟಳು.

"ಇದರಾಗ ಹಾಕ್ರಿ. ಬೀಗರ ಮುಂದ ಎಲ್ಲಾ ಒಂದ ಥರಾ ಕಾಣಬೇಕಲ್ರಿ."

ಭೂಪಾಲಣ್ಣ ನನ್ನತ್ತ ನೋಡಲಿಲ್ಲ. ಆ ಚೀಲದ ಬಾಯಿ ಅಗಲಿಸಿ, ಸೀರೆ ಸುಕ್ಕಾಗದಂತೆ ಒಳಗಿಟ್ಟು ಕೊಟ್ಟರು.