ತಲೆಕೆಳಗಾದ ಜಿಪ್

ನನ್ನಮ್ಮ ಜಗಮೊಂಡಿ. ಇದನ್ನು ದೂರು ಅಂತಲಾದರೂ ತಿಳಿಯಿರಿ, ಹೊಗಳಿಕೆ ಅಂತಲಾದರೂ ತಿಳಿಯಿರಿ. ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಇನ್ವಿಸಿಬಲ್ ಜಿಪ್ ಹಾಕುವುದೇ ಅವಳ ಕೆಲಸ. ಮುಚ್ಚಿದ ಮೇಲೆ ಬರೀ ಹೊಲಿಗೆಯ ಗೆರೆ ಕಾಣಬೇಕು, ಜಿಪ್ಪಿನ ಸುಳಿವೇ ಇರಬಾರದು. ಒಳಕ್ಕೆ ಸುರುಳಿ ಸುತ್ತಿಕೊಂಡ ಹಲ್ಲುಗಳನ್ನು ಇಸ್ತ್ರಿಯ ತುದಿಯಿಂದ ಬಿಡಿಸಿ, ಅವುಗಳ ಬುಡಕ್ಕೇ ಹೊಲಿಗೆ ಹಾಕಬೇಕು. ಕೂದಲೆಳೆಯಷ್ಟು ಆಚೆ ಹೋದರೆ ಜಿಪ್ ಹಲ್ಲು ಕಿರಿಯುತ್ತದೆ, ಈಚೆ ಬಂದರೆ ಎಳೆದಾಗ ಸಿಕ್ಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸಿದವರ ಗತಿ ದೇವರಿಗೇ ಪ್ರೀತಿ.

ಅಂಥವಳನ್ನೂ ಸುಸ್ತು ಮಾಡಿದ್ದು ದೊಡ್ಡಮ್ಮನ ಡ್ರೆಸ್. ಅಮ್ಮನ ಅಕ್ಕ, ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು. ಮೆಟ್ಟಿಲಿಂದ ಬಿದ್ದ ಮೇಲೆ ಎಡಗೈ ಸ್ವಾಧೀನ ತಪ್ಪಿತ್ತು. ಐದು ತಿಂಗಳಾದರೂ ಬಟ್ಟೆ ತೊಡಿಸಲು ಯಾರಾದರೂ ಬೇಕಿತ್ತು. ಸೋಮವಾರ ಕೆಲಸಕ್ಕೆ ಮರಳದಿದ್ದರೆ ಆ ಜಾಗ ಬೇರೆಯವರ ಪಾಲು. ಇವಳದೋ ಒಂದೇ ಹಟ: ತನ್ನ ಬಟ್ಟೆ ತಾನೇ ಹಾಕಿಕೊಳ್ಳಲಾಗದಿದ್ದರೆ ಹೊಸ್ತಿಲು ದಾಟುವುದಿಲ್ಲ. ಮೊಂಡುತನವೊಂದೇ ನಮ್ಮ ಮನೆತನದ ಆಸ್ತಿ.

ಅಮ್ಮ ಡ್ರೆಸ್ಸಿನ ಎಡಬದಿಗೆ, ಸೊಂಟದಿಂದ ಕಂಕುಳಿನವರೆಗೆ ಜಿಪ್ ಹಾಕಿದಳು. ಎಲ್ಲಿದೆಯೆಂದು ನಾನೇ ಎರಡು ಸಲ ಹುಡುಕಿದೆ. ಆದರೆ ದೊಡ್ಡಮ್ಮ ಬಲಗೈಯಲ್ಲಿ ಎಳೆದರೆ ಜಿಪ್ಪಿನ ಜೊತೆ ಬಟ್ಟೆಯೂ ಮೇಲಕ್ಕೆ ಬಂತು. ಕೆಳಗೆ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಡವೇ? ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ದೊಡ್ಡಮ್ಮ ಮಂಚದ ಮೇಲೆ ಕುಳಿತು, ಹೋಗಲಿ ಬಿಡಿ, ಆ ಕೆಲಸ ಯಾರಾದರೂ ಮಾಡಿಕೊಳ್ಳಲಿ ಎಂದಳು.

ಅಮ್ಮ ಡ್ರೆಸ್ಸನ್ನು ಅಂಗಡಿಗೆ ಒಯ್ದು ಹೊಲಿಗೆ ಬಿಚ್ಚಿದಳು. ಎಳೆಯಲು ದೊಡ್ಡ ಬಳೆ ಸಿಕ್ಕಿಸಿ ನೋಡಿದಳು, ಅಂಚಿಗೆ ಭಾರ ಕಟ್ಟಿ ನೋಡಿದಳು. ಊಹೂಂ. ಮೂರನೆಯ ಸಲ ಜಿಪ್ಪನ್ನೇ ತಲೆಕೆಳಗಾಗಿ ತಿರುಗಿಸಿ, ಕಂಕುಳಿಂದ ಕೆಳಕ್ಕೆ ಎಳೆದರೆ ಮುಚ್ಚುವ ಹಾಗೆ ಗುಂಡುಸೂಜಿ ಚುಚ್ಚಿದಳು. ಕಟಿಂಗ್ ಮಾಸ್ತರು ಮೂಗು ಮುರಿದರು. ಕಲಿಯುವವರು ಅವಸರದಲ್ಲಿ ಮಾಡುವ ಎಡವಟ್ಟು ಇದು, ನಿಮಗೆ ಮರೆವು ಶುರುವಾಯಿತೇ ಎಂದು ಕೇಳಿದರು. ಅಜ್ಜಿಗೆ ಕೆಮ್ಮು ಕಲಿಸಲು ಬಂದರು ಮಹಾಶಯರು.

"ಬಟ್ಟೇನ ಹೆಗಲು ಹಿಡ್ಕೊಂಡಿರುತ್ತೆ ಮಾಸ್ತರೇ. ಕೆಳಗೆಳೆಯೋಕೆ ಒಂದೇ ಕೈ ಸಾಕು," ಎಂದು ಅಮ್ಮ ಮಷೀನು ತುಳಿದಳು.

ಸೋಮವಾರ ಬೆಳಿಗ್ಗೆ ದೊಡ್ಡಮ್ಮ ಡ್ರೆಸ್ ತೆಗೆದುಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಹೊರಗೆ ನಾವಿಬ್ಬರು. ಒಳಗೆ ಕುರ್ಚಿ ಉರುಳಿದ ಸದ್ದಾಯಿತು. ನಾನು ಬಾಗಿಲು ತಳ್ಳಲು ಹೋದರೆ ಅಮ್ಮ ನನ್ನ ಜಡೆ ಹಿಡಿದು ಎಳೆದಳು.

ಬಾಗಿಲು ತೆರೆಯಿತು. ಡ್ರೆಸ್ ದೊಡ್ಡಮ್ಮನ ಮೈಮೇಲೆ ನೆಟ್ಟಗೆ ಕೂತಿತ್ತು. ಅಮ್ಮ ರೂಢಿಬಲದಿಂದ ಪಕ್ಕದ ಹೊಲಿಗೆ ಸರಿಮಾಡಲು ಕೈ ಚಾಚಿದಳು.

"ಮುಟ್ಟಬೇಡ ಕಣೇ," ಎಂದಳು ದೊಡ್ಡಮ್ಮ. "ನಾನೇ ಹಾಕ್ಕೊಂಡಿದ್ದು."

ಅಮ್ಮ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಗದರಿಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನಂತೂ ನೋಡಿಲ್ಲ.